ಬಸ್ಸು ಹೊರಟ ಮೇಲೆ ಓಟದ ಹೊತ್ತು ಬದಲಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ಬರೆದಿದ್ದರು. ಹೈಸ್ಕೂಲ್ ಮಕ್ಕಳ ಕ್ರೀಡಾಕೂಟದಲ್ಲಿ ಚೆನ್ನಾಗಿ ಓಡುವವರಿಗೆ ಎರಡು ಮೂರು ಓಟ ಒಂದರ ಬೆನ್ನಿಗೆ ಒಂದು ಬರುತ್ತವೆ, ಸುಧಾರಿಸಿಕೊಳ್ಳಲು ಹೊತ್ತು ಸಿಗುವುದಿಲ್ಲ, ಅಂಥ ಮಕ್ಕಳಿಗೆ ಅನುಕೂಲವಾಗುವ ಹಾಗೆ ಓಟದ ಹೊತ್ತು ಬದಲಿಸಿ ಕೊಡಬೇಕು, ಇಲ್ಲದಿದ್ದರೆ ಜಿಲ್ಲೆಗೆ ಪದಕ ಎಲ್ಲಿಂದ ಬರಬೇಕು ಅಂತ. ಅವರು ಬರೆದದ್ದರಲ್ಲಿ ಅರ್ಧ ಸರಿ. ಉಳಿದರ್ಧ ಹೇಳುವವರು ಯಾರೂ ಕಾಣಲಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕುವುದಾದರೆ ಎಲ್ಲಿಗೆ ಬೇಕಾದರೂ ಹಾಕಿ, ಊಟದ ಸಾಲಿನ ವಿಷಯ ಮಾತ್ರ ಬಿಡಬೇಡಿ.

ನಾನು ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯವನು. ಪೇಟೆಯಿಂದ ಇನ್ನೂ ಒಳಗೆ, ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ದೊಡ್ಡ ಹುದ್ದೆ ಅಂತ ತಿಳಿಯಬೇಡಿ. ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಲೆಕ್ಕ ಬರೆಯುವುದು, ಕ್ಯಾನ್ ತೊಳೆಯುವುದು ಎಲ್ಲ ನಾನೇ. ಜೊತೆಗೆ ಒಬ್ಬ ಹುಡುಗ ಇದ್ದಾನೆ, ಅವನು ಕಾಲೇಜಿಗೆ ಹೋಗುವವನು. ನನ್ನ ಮಗಳು ಕಳೆದ ವರ್ಷ ಒಂಬತ್ತನೇ ಕ್ಲಾಸು, ಈಗ ಹತ್ತು. ಅವಳು 1500 ಮೀಟರ್ ಓಡುತ್ತಾಳೆ. ದೊಡ್ಡ ಓಟಗಾರ್ತಿ ಅಂತ ನಾನು ಹೇಳುವುದಿಲ್ಲ. ಡೈರಿಯಿಂದ ದೇವಸ್ಥಾನದ ಕಮಾನಿನ ತನಕ ಹೋಗಿ ಬರುವುದು, ಅಷ್ಟೇ ಅವಳ ಪ್ರಾಕ್ಟೀಸು. ಮಳೆಗಾಲದಲ್ಲಿ ಅದೂ ಇಲ್ಲ. ಇದ್ದರೂ ತಾಲೂಕಿನಲ್ಲಿ ಎರಡನೆಯವಳಾಗಿ ಮುಂದಿನ ಕೂಟಕ್ಕೆ ಹೋದಳು. ನಮ್ಮ ಮನೆಗೆ ಅದು ದೊಡ್ಡ ವಿಷಯವೇ.

ಆ ಮುಂದಿನ ಕೂಟ ಎಲ್ಲಿ ಆಯಿತು, ನಡೆಸಿದವರು ಯಾರು ಅಂತ ಬರೆಯುವುದಿಲ್ಲ. ಬರೆದರೆ ಜಗಳ ಹೆಸರಿನ ಮೇಲೆ ಹೋಗುತ್ತದೆ, ವಿಷಯ ಅಲ್ಲೇ ಉಳಿಯುತ್ತದೆ.

ಎರಡು ದಿನ ಮೊದಲೇ ವಾಟ್ಸಾಪಿನಲ್ಲಿ ಪಟ್ಟಿ ಬಂದಿತ್ತು. ಎರಡನೇ ದಿನ ಬೆಳಿಗ್ಗೆ 8.30ಕ್ಕೆ ಬಾಲಕಿಯರ 1500 ಮೀಟರ್. ಅದರ ಹಿಂದೆಯೇ ಬಾಲಕರದ್ದು. ಆಮೇಲೆ 9.30ಕ್ಕೆ ಬಾಲಕಿಯರ 400 ಮೀಟರ್ ಹೀಟ್ಸು, ಅಂದರೆ ಫೈನಲ್ಸಿಗೆ ಮೊದಲು ಗುಂಪು ಗುಂಪಾಗಿ ಓಡಿಸುವ ಸುತ್ತು. ನಮ್ಮಲ್ಲಿಂದ ಮೊದಲ ಬಸ್ಸು 5.40ಕ್ಕೆ. ಅದರಲ್ಲಿ ಹೊರಟರೆ ಮುಟ್ಟುವಾಗ ಎಂಟು ಗಂಟೆ ಹತ್ತಿರ. ಮಗಳು ಐದು ಗಂಟೆಗೆ ಎರಡು ನೀರುದೋಸೆ ತಿಂದಳು. ಜಾಸ್ತಿ ಬೇಡ, ಓಡುವಾಗ ಪಕ್ಕೆ ಹಿಡಿಯುತ್ತದೆ ಅಂದಳು. ನಾನು ಡೈರಿಯನ್ನು ಹೆಂಡತಿಗೂ ಆ ಹುಡುಗನಿಗೂ ಒಪ್ಪಿಸಿ ಅವಳ ಜೊತೆ ಹೊರಟೆ. ಅವಳ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಕನ್ನಡ ಮಾಸ್ಟ್ರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ತುಂಬ ಒಳ್ಳೆಯವರು, ಕಿಸೆಯಿಂದ ದುಡ್ಡು ಹಾಕಿ ಮಕ್ಕಳಿಗೆ ಬಾಳೆಹಣ್ಣು ತಂದವರು. ಆದರೆ ಮೈದಾನದ ವ್ಯವಹಾರ ಅವರಿಗೆ ಗೊತ್ತಿಲ್ಲ.

8.10ಕ್ಕೆ ಹುಡುಗಿಯರನ್ನು ಕರೆದರು. ಹದಿನಾಲ್ಕು ಜನ. ಚೆಸ್ಟ್ ನಂಬರಿಗೆ ಪಿನ್ ಹಾಕಿಕೊಂಡು, ಶೂ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಸಾಲಾಗಿ ನಿಂತಿದ್ದರು. ಕೆಂಪು ಮಣ್ಣಿನ ಮೈದಾನ. ಸುಣ್ಣದ ಗೆರೆ ಹಾಕಿದ 200 ಮೀಟರಿನ ಟ್ರ್ಯಾಕು, ಅಂದರೆ ಅದರಲ್ಲಿ ಏಳೂವರೆ ಸುತ್ತು. ಬಿಸಿಲು ಇನ್ನೂ ಮರದ ಆಚೆ ಇತ್ತು. 8.25ಕ್ಕೆ ಮೈಕಿನಲ್ಲಿ ಹೇಳಿದರು. ಬಾಲಕಿಯರ 1500 ಮೀಟರ್ ಓಟವನ್ನು ಅನಿವಾರ್ಯ ಕಾರಣದಿಂದ ಮಧ್ಯಾಹ್ನದ ನಂತರಕ್ಕೆ ಹಾಕಲಾಗಿದೆ, ಬಾಲಕರ 1500 ಮೀಟರ್ ಸ್ಪರ್ಧಿಗಳು ಕೂಡಲೇ ಬರಬೇಕು.

ಎಂಥ ಅನಿವಾರ್ಯ? ಮಳೆ ಇಲ್ಲ, ಸಿಡಿಲಿಲ್ಲ. ಕನ್ನಡ ಮಾಸ್ಟ್ರು ಹೋಗಿ ಕೇಳಿ ಬಂದರು. ಹದಿನಾಲ್ಕರಲ್ಲಿ ಒಬ್ಬಳು ಹಿಂದಿನ ವರ್ಷ ರಾಜ್ಯಕ್ಕೆ ಹೋದವಳು. ಅವಳಿಗೆ 400 ಮೀಟರೂ ಇದೆ. 8.30ಕ್ಕೆ ಏಳೂವರೆ ಸುತ್ತು ಓಡಿ 9.30ಕ್ಕೆ ಮತ್ತೆ 400 ಓಡುವುದು ಕಷ್ಟ. ಹಾಗಾಗಿ 1500 ಅನ್ನು ಆಚೆ ತಳ್ಳಿದ್ದಾರೆ. ಅವಳ ಶಾಲೆಯ ಪಿ.ಟಿ. ಮಾಸ್ಟ್ರು ಆ ದಿನ ಕೂಟದ ಮೇಜಿನ ಹತ್ತಿರವೇ ಕೆಲಸದಲ್ಲಿ ಇದ್ದವರು. ಬೇಕು ಅಂತ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಮೇಜಿನ ಹತ್ತಿರ ಇದ್ದವರ ಮಗುವಿನ ಕಷ್ಟ ಮೇಜಿಗೆ ಕಾಣುತ್ತದೆ. ಗೇಟಿನ ಹತ್ತಿರ ಬಾಳೆಹಣ್ಣು ಹಿಡಿದು ನಿಂತವರ ಮಕ್ಕಳದ್ದು ಕಾಣುವುದಿಲ್ಲ, ಅಷ್ಟೇ.

ತಕರಾರು ಇದ್ದರೆ ಹಣ ಕಟ್ಟಿ ಬರೆದು ಕೊಡಿ ಅಂದರಂತೆ. ಮಾಸ್ಟ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊಡಲಿಲ್ಲ. ಅದು ನಮ್ಮ ತಪ್ಪು, ಒಪ್ಪುತ್ತೇನೆ.

ಆಮೇಲೆ ಶುರುವಾಯಿತು ಕಾಯುವುದು. ಓಡುವವರ ಕಷ್ಟ ಬರೆಯುವವರು ಈ ಕಾಯುವುದನ್ನು ಬರೆಯುವುದಿಲ್ಲ. ಹುಡುಗರು ತಮ್ಮ 1500 ಮುಗಿಸಿ, ತಿಂಡಿ ತಿಂದು, ಮರದ ಬುಡದಲ್ಲಿ ಬ್ಯಾಗ್ ತಲೆಯಡಿಗೆ ಇಟ್ಟು ಮಲಗಿದರು. ಅವಳೊಬ್ಬಳನ್ನು ಬಿಟ್ಟು ಉಳಿದ ಹದಿಮೂರು ಹುಡುಗಿಯರು ಅತ್ತ ಮಲಗುವ ಹಾಗಿಲ್ಲ, ಇತ್ತ ತಿನ್ನುವ ಹಾಗಿಲ್ಲ. ಎಷ್ಟು ಗಂಟೆಗೆ ಅಂತ ಯಾರೂ ಹೇಳಲಿಲ್ಲ. ಕೇಳಿದರೆ "ಊಟ ಆದ ಕೂಡಲೇ". ಮಗಳು ನೀರೂ ಕುಡಿಯಲಿಲ್ಲ. ಎಂತಕ್ಕೆ ಅಂತ ಕೇಳಿದೆ. ಹೇಳಲಿಲ್ಲ. ಆಮೇಲೆ ಅವಳ ಗೆಳತಿಯ ಅಮ್ಮ ಹೇಳಿದರು, ಅಲ್ಲಿದ್ದದ್ದು ಹೆಣ್ಣುಮಕ್ಕಳಿಗೆ ಎರಡೇ ಶೌಚಾಲಯ, ಒಂದಕ್ಕೆ ಚಿಲಕ ಇಲ್ಲ. ನೀರು ಕುಡಿಯದಿದ್ದರೆ ಹೋಗಬೇಕಾಗಿಲ್ಲವಲ್ಲ. ಬೆಳಿಗ್ಗೆ 8.30ಕ್ಕೆ ಓಡಿ ಮುಗಿದಿದ್ದರೆ ಈ ಲೆಕ್ಕವೇ ಬರುತ್ತಿರಲಿಲ್ಲ.

ಒಂದು ಗಂಟೆಗೆ ಊಟ ಬಂತು. ಬೆಳ್ತಿಗೆ ಅನ್ನ, ಸೌತೆಕಾಯಿ ಸಾಂಬಾರು, ಒಂದು ಸೌಟು ಪಾಯಸ. ಮಕ್ಕಳೆಲ್ಲ ಸಾಲು ನಿಂತರು. ನನ್ನ ಮಗಳೂ ಪ್ಲೇಟು ಹಿಡಿದು ನಿಂತಳು. ಮುಂದೆ ನಾಲ್ಕು ಜನ ಇರುವಾಗ ತಿರುಗಿ ನನ್ನನ್ನು ಹುಡುಕಿದಳು. ನಾನು ಹಗ್ಗದ ಆಚೆ ಇದ್ದೆ. "ಅಪ್ಪಯ್ಯ, ಉಣ್ಲಾ, ಬ್ಯಾಡ್ದಾ?" ಅಂತ ಕೇಳಿದಳು.

ನನಗೆ ಉತ್ತರ ಗೊತ್ತಿರಲಿಲ್ಲ ಸ್ವಾಮೀ. ಹಾಲಿಗೆ ನೀರು ಹಾಕಿದ್ದಾರಾ ಇಲ್ಲವಾ ಅಂತ ಲ್ಯಾಕ್ಟೋಮೀಟರ್ ಇಳಿಸಿ, ಡಿಗ್ರಿ ನೋಡಿ ಹೇಳುತ್ತೇನೆ. ಐದು ಗಂಟೆಗೆ ಎರಡು ದೋಸೆ ತಿಂದ ಹುಡುಗಿ ಮಧ್ಯಾಹ್ನ ಒಂದಕ್ಕೆ ಉಣ್ಣಬೇಕಾ, ಉಂಡರೆ ಎಷ್ಟು, ಓಟ ಎರಡಕ್ಕೋ ನಾಲ್ಕಕ್ಕೋ, ಇದು ನನಗೆ ಹೇಳಲು ಬರಲಿಲ್ಲ. ಹತ್ತಿರದಲ್ಲಿ ಹೇಳುವ ಪಿ.ಟಿ. ಮಾಸ್ಟ್ರೂ ಇಲ್ಲ. ಕನ್ನಡ ಮಾಸ್ಟ್ರು "ಸ್ವಲ್ಪ ಉಣ್ಣು ಮಗಾ" ಅಂದರು. ಅವಳು ಎರಡು ತುತ್ತು ಉಂಡು, ಪಾಯಸ ಬಿಟ್ಟು, ಪ್ಲೇಟು ತೊಳೆದಳು. ಅವಳಿಗೆ ಪಾಯಸ ಅಂದರೆ ಪ್ರಾಣ.

ಓಟ ಆದದ್ದು 3.40ಕ್ಕೆ. ನಡುವೆ ಯಾರೋ ಅತಿಥಿ ಬಂದು ಮಾತಾಡಿದರು. (ಆ ಭಾಗ್ಯ ಪ್ರತಿ ಕೂಟದಲ್ಲೂ ಇದ್ದದ್ದೇ. ಒಬ್ಬರಿಗಾಗಿ ಎಲ್ಲರೂ ಕಾಯುವುದು ಶುರುವಾಗುವುದು ಓಟಗಾರರಿಂದ ಅಲ್ಲ, ಉದ್ಘಾಟಕರಿಂದ.) ಮಣ್ಣು ಕಾದಿತ್ತು. ಸಮುದ್ರದ ಕಡೆಯ ಸೆಖೆ ನಿಮಗೆ ಗೊತ್ತೇ ಇದೆ, ನಿಂತರೂ ಬೆವರು. ನಾಲ್ಕನೇ ಸುತ್ತಿನಲ್ಲಿ ಒಬ್ಬಳು ಹೊಟ್ಟೆ ಹಿಡಿದುಕೊಂಡು ಹೊರಗೆ ಹೋದಳು. ಆರನೇ ಸುತ್ತಿನಲ್ಲಿ ಇನ್ನೊಬ್ಬಳು. ಆ ದೊಡ್ಡ ಓಟಗಾರ್ತಿ ಮೊದಲು ಬಂದಳು. ಯಾವ ಹೊತ್ತಿನಲ್ಲಿ ಓಡಿಸಿದರೂ ಅವಳೇ ಬರುತ್ತಿದ್ದಳು, ಉಳಿದವರಿಗಿಂತ ಅರ್ಧ ಸುತ್ತು ಮುಂದೆ. ನನ್ನ ಮಗಳು ನಾಲ್ಕನೆಯವಳು. ಮೂರನೆಯವಳಿಗೂ ಅವಳಿಗೂ ಮೂರು ಸೆಕೆಂಡು.

ಬೆಳಿಗ್ಗೆ ಓಡಿದ್ದರೆ ಮೂರನೆಯವಳಾಗುತ್ತಿದ್ದಳಾ? ಗೊತ್ತಿಲ್ಲ. ಆಗ ಐದನೆಯವಳೂ ಆಗಬಹುದಿತ್ತು. ಮಗಳಿಗೆ ಪದಕ ತಪ್ಪಿತು ಅನ್ನುವ ದೂರು ಇದಲ್ಲ. ಹದಿನಾಲ್ಕು ಜನರಲ್ಲಿ ಒಬ್ಬಳಿಗೆ ಮಾತ್ರ ತನ್ನ ಓಟ ಯಾವಾಗ ಅಂತ ಹಿಂದಿನ ರಾತ್ರಿಯೇ ಗೊತ್ತಿತ್ತು. ಅವಳು ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದೇ ಬಂದಿದ್ದಳು. ಇದನ್ನು ಅವಳೇ ಹೇಳಿದಳು, ಪಾಪ, ಮರೆಮಾಚಲು ಗೊತ್ತಿಲ್ಲದ ಮಗು. ಓಟ ಮುಗಿದ ಮೇಲೆ ನನ್ನ ಮಗಳ ಪಕ್ಕ ಕೂತು ಕಿತ್ತಳೆ ಸುಲಿದು ಅರ್ಧ ಕೊಟ್ಟಳು. "ನಿನ್ನೆ ರಾತ್ರಿ ನಮ್ಮ ಮಾಸ್ಟ್ರು ಫೋನ್ ಮಾಡಿ 1500 ಮಧ್ಯಾಹ್ನ ಅಂತ ಹೇಳಿದ್ರು, ನಿಮಗೆ ಹೇಳ್ಲಿಲ್ವಾ?" ಅಂದಳು. ನನ್ನ ಮಗಳು "ಇಲ್ಲ" ಅಂದಳು. ಇಬ್ಬರೂ ಕಿತ್ತಳೆ ತಿಂದರು. ಆ ಹುಡುಗಿಯ ಮೇಲೆ ನಮಗೆ ಯಾರಿಗೂ ಬೇಜಾರಿಲ್ಲ. ಅವಳೂ ಆ ದಿನ 400 ಹೀಟ್ಸು, ಫೈನಲ್ಸು, 1500, ಕೊನೆಗೆ ರಿಲೇ ಅಂತ ನಾಲ್ಕು ಸಲ ಓಡಿದಳು. ಅವಳ ಕಾಲಿಗೂ ಅದು ಒಳ್ಳೆಯದಲ್ಲ.

ನಮ್ಮ ಕಡೆಯ ಕೊನೆಯ ಬಸ್ಸು ತಪ್ಪಿತು. ರಿಕ್ಷಾ ಮಾಡಿದೆವು. ಅದರ ಬಾಡಿಗೆ ಬರೆಯುವುದಿಲ್ಲ, ಹೆಂಡತಿ ಪತ್ರಿಕೆ ಓದುತ್ತಾಳೆ.

ಈ ವಿಷಯವನ್ನು ನನ್ನ ಭಾವನ ಹತ್ತಿರ ಹೇಳಿದೆ. ಹೆಂಡತಿಯ ಅಣ್ಣ. 31 ವರ್ಷ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು. ಬ್ರಹ್ಮಾವರದಲ್ಲಿ ಮನೆ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ, ಹಾಗಾಗಿ ನಮ್ಮ ವಾದ ಕೇಳುವವರಿಗೆ ಯಾರು ಯಾರಿಗೆ ಹೇಳಿದ್ದು ಅಂತ ತಿಳಿಯುವುದಿಲ್ಲ. ನನ್ನ ಪರ ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು. "ನಾನೂ ಎಷ್ಟು ಸಲ ಬದಲಿಸಿದ್ದೇನೆ ಭಾವ. ರಾಜ್ಯಕ್ಕೆ ಹೋಗಿ ಪದಕ ತರುವ ಮಗುವಿಗೆ ಒಂದು ಓಟ ಬಿಡು ಅಂತ ಹೇಳಲು ಯಾವ ಮಾಸ್ಟ್ರಿಗೆ ಮನಸ್ಸು ಬರುತ್ತದೆ? ಒಲಿಂಪಿಕ್ಸಿನಲ್ಲೇ ಬದಲಿಸುತ್ತಾರೆ, ನಮ್ಮದು ಎಂತ?"

ಅವರು ಹೇಳಿದ್ದು ನಿಜವೇ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅಮೆರಿಕದ ಮೈಕೆಲ್ ಜಾನ್ಸನ್ 200 ಮತ್ತು 400 ಎರಡನ್ನೂ ಓಡಬೇಕು ಅಂತ ವೇಳಾಪಟ್ಟಿಯನ್ನೇ ತಿದ್ದಿದರು. ಆತ ಎರಡನ್ನೂ ಗೆದ್ದ. 200 ಮೀಟರನ್ನು 19.32 ಸೆಕೆಂಡಿನಲ್ಲಿ ಓಡಿ ಜಗತ್ತಿನ ಬಾಯಿ ಮುಚ್ಚಿಸಿದ. 2016ರ ರಿಯೊ ಒಲಿಂಪಿಕ್ಸಿಗೆ ಅಮೆರಿಕದ್ದೇ ಓಟಗಾರ್ತಿ ಅಲಿಸನ್ ಫೆಲಿಕ್ಸ್ ಕೂಡ ಹಾಗೇ ಕೇಳಿದಳು, ಅವಳಿಗೂ ಬದಲಿಸಿ ಕೊಟ್ಟರು.

ಆದರೆ ಭಾವ ಇಲ್ಲಿಗೆ ನಿಲ್ಲಿಸಿದರು. ಮುಂದಿನದ್ದು ನಾನು ಮಗಳ ಮೊಬೈಲಿನಲ್ಲಿ ನೋಡಿ ಅವರಿಗೆ ಹೇಳಿದೆ. ಆ ಎರಡು ಬದಲಾವಣೆಯೂ ಆಟ ಶುರುವಾಗುವುದಕ್ಕೆ ಎಷ್ಟೋ ಮೊದಲೇ ಆದದ್ದು. ಎಲ್ಲ ದೇಶದ ಎಲ್ಲ ಓಟಗಾರರಿಗೂ ಒಂದೇ ಪಟ್ಟಿ, ಒಂದೇ ಹೊತ್ತಿಗೆ ಗೊತ್ತು. ಜಾನ್ಸನ್ ಪಕ್ಕದ ಲೇನಿನವನು ಶೂ ಕಟ್ಟಿ ನಿಂತ ಮೇಲೆ ಮೈಕಿನಲ್ಲಿ ಹೇಳಿದ್ದಲ್ಲ. ಫೆಲಿಕ್ಸಳ ಕಥೆಯಂತೂ ಕೇಳಬೇಕಾದದ್ದು. ಪಟ್ಟಿ ಅವಳಿಗಾಗಿ ಬದಲಾಗಿ ಕಾದಿತ್ತು. ಅಮೆರಿಕದ ಆಯ್ಕೆ ಕೂಟದ 200 ಮೀಟರಿನಲ್ಲಿ ಅವಳು ನಾಲ್ಕನೆಯವಳಾದಳು, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಮೂವರಿಗೆ ಮಾತ್ರ ಜಾಗ. ಯಾರಿಗಾಗಿ ಹೊತ್ತು ಬದಲಿಸಿದ್ದರೋ ಅವಳೇ ಆ ಓಟಕ್ಕೆ ಇಲ್ಲ. ಆ ನೂರನೇ ಒಂದು ಭಾಗದ ನೋವು ನಮಗೂ ಗೊತ್ತು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾಗೆ ಕಂಚು ತಪ್ಪಿದ್ದು ಅಷ್ಟರಲ್ಲೇ.

ಇನ್ನೊಬ್ಬಳು ಸಿಫಾನ್ ಹಸನ್, ನೆದರ್‌ಲ್ಯಾಂಡ್ಸಿನವಳು. 2021ರಲ್ಲಿ ಟೋಕಿಯೊದಲ್ಲಿ 1500, 5000, 10000 ಮೂರಕ್ಕೂ ಹೆಸರು ಕೊಟ್ಟಳು. ಒಂದು ದಿನ ಬೆಳಿಗ್ಗೆ 1500ರ ಹೀಟ್ಸಿನಲ್ಲಿ ಕೊನೆಯ ಸುತ್ತಿಗೆ ಬಿದ್ದಳು. ಎದ್ದು ಓಡಿ ಆ ಹೀಟ್ಸನ್ನೂ ಗೆದ್ದು, ಅದೇ ರಾತ್ರಿ 5000ದಲ್ಲಿ ಚಿನ್ನ. ಕೊನೆಗೆ ಎರಡು ಚಿನ್ನ, ಒಂದು ಕಂಚು ಹಿಡಿದುಕೊಂಡು ಮನೆಗೆ ಹೋದಳು. ಪಟ್ಟಿ ಹೇಗಿತ್ತೋ ಹಾಗೇ ಓಡಿದಳು. ಮೂರೂ ಬೇಕು ಅನ್ನುವುದು ಅವಳ ಆಸೆ, ಅದರ ಬೆಲೆಯನ್ನು ಅವಳೇ ಕೊಟ್ಟಳು. ಹದಿನೈದು ವರ್ಷದ ಮಕ್ಕಳಿಗೆ ಹಾಗೆ ಮಾಡಿ ಅಂತ ನಾನು ಹೇಳುವುದಿಲ್ಲ. ಬೆಲೆಯನ್ನು ಇನ್ನೊಬ್ಬರ ಮಕ್ಕಳಿಂದ ತೆಗೆಯಬೇಡಿ ಅನ್ನುತ್ತೇನೆ.

ಅಮೆರಿಕದ ಹೈಸ್ಕೂಲ್ ಮಕ್ಕಳದ್ದೂ ಭಾವನೇ ತೆಗೆದರು. ಅಲ್ಲಿ ಜಿಮ್ ರಯನ್ ಅಂತ ಒಬ್ಬ ಹುಡುಗ. 1965ರಲ್ಲಿ ಕ್ಯಾನ್ಸಸ್ ರಾಜ್ಯದ ಶಾಲಾ ಕೂಟದಲ್ಲೇ ಒಂದು ಮೈಲಿಯನ್ನು 3 ನಿಮಿಷ 58.3 ಸೆಕೆಂಡಿನಲ್ಲಿ ಓಡಿದ. 2001ರಲ್ಲಿ ಆಲನ್ ವೆಬ್ ಅನ್ನುವ ಇನ್ನೊಬ್ಬ ಹೈಸ್ಕೂಲ್ ಹುಡುಗ 3 ನಿಮಿಷ 53.43 ಸೆಕೆಂಡಿಗೆ ಇಳಿಸಿದ. ಭಾವ ಇದನ್ನು ಹೇಳಿದ್ದು ಶಾಲೆಯ ಮಕ್ಕಳು ಎಷ್ಟು ಎತ್ತರಕ್ಕೆ ಹೋಗಬಹುದು ನೋಡಿ ಅಂತ ತೋರಿಸಲು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ವೆಬ್ ಆ ಓಟ ಓಡಿದ್ದು ಶಾಲಾ ಕೂಟದಲ್ಲಿ ಅಲ್ಲ, ದೊಡ್ಡವರ ಕೂಟದಲ್ಲಿ, ಜಗತ್ತಿನ ಒಳ್ಳೆಯ ಓಟಗಾರರ ಜೊತೆ. ಅಷ್ಟು ಬೇಗ ಓಡುವವನಿಗೆ ಅಷ್ಟು ಬೇಗ ಓಡುವವರ ಕೂಟ ಇತ್ತು. ನಮ್ಮಲ್ಲಿ ಅಂಥ ಮಗುವಿಗೂ ಶಾಲಾ ಕೂಟವೇ ಗತಿ, ನನ್ನ ಮಗಳಿಗೂ ಅದೇ ಗತಿ. ಇಬ್ಬರನ್ನೂ ಒಂದೇ ಸುಣ್ಣದ ಗೆರೆಯಲ್ಲಿ ನಿಲ್ಲಿಸಿದ ಮೇಲೆ ಇಬ್ಬರಿಗೂ ಒಂದೇ ಗಡಿಯಾರ ತೋರಿಸಬೇಕಲ್ವಾ?

ಭಾವ ಸುಮ್ಮನಾಗಲಿಲ್ಲ. ನಿಯಮ ತೆಗೆದರು. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಒಂದೇ ಓಟದ ಹೀಟ್ಸಿಗೂ ಮುಂದಿನ ಸುತ್ತಿಗೂ ನಡುವೆ ಇಷ್ಟು ಬಿಡುವು ಕೊಡಬೇಕು ಅಂತ ಇದೆ. 200 ಮೀಟರ್ ತನಕ 45 ನಿಮಿಷ, ಅದಕ್ಕಿಂತ ಜಾಸ್ತಿ 1000 ಮೀಟರ್ ತನಕ 90 ನಿಮಿಷ, ಅದರ ಮೇಲೆ ಆದರೆ ಅದೇ ದಿನ ಬೇಡ. "ನೋಡಿ, ಸುಧಾರಿಸಿಕೊಳ್ಳುವ ಹೊತ್ತು ನಿಯಮದಲ್ಲೇ ಇದೆ" ಅಂದರು. ಇದೆ. ಆದರೆ ಅದು ಒಂದೇ ಓಟದ ಎರಡು ಸುತ್ತಿನ ನಡುವಿನದ್ದು, ಓಡುವ ಎಲ್ಲರಿಗೂ ಸಮ. ಒಬ್ಬಳು 400ಕ್ಕೂ 1500ಕ್ಕೂ ಹೆಸರು ಕೊಟ್ಟರೆ ಆ ಎರಡರ ನಡುವೆ ಇಷ್ಟು ಬಿಡುವು ಕೊಡಲೇಬೇಕು ಅಂತ ಅದರಲ್ಲಿ ಇಲ್ಲ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಅದು ನನಗೆ ಬಹಳ ಹಿಡಿಸಿತು. ಒಂದು ಮಗುವಿಗೆ ಲಾಂಗ್ ಜಂಪೂ ಇದೆ, ಅದೇ ಹೊತ್ತಿಗೆ ಓಟವೂ ಇದೆ ಅಂತಿಟ್ಟುಕೊಳ್ಳಿ. ಆಗ ರೆಫರಿ ಆ ಮಗುವಿಗೆ ಒಂದೊಂದು ಸುತ್ತಿನಲ್ಲಿ ತನ್ನ ಸರದಿಗಿಂತ ಹಿಂದೆ ಮುಂದೆ ಜಿಗಿಯಲು ಬಿಡಬಹುದು. ಇದು ಸರಿ. ಒಬ್ಬಳು ಮೊದಲು ಜಿಗಿದು ಓಡಿ ಹೋದರೆ ಉಳಿದವರ ಊಟ ತಪ್ಪುವುದಿಲ್ಲ, ಬಸ್ಸು ತಪ್ಪುವುದಿಲ್ಲ. ಅನುಕೂಲ ಮಾಡಿಕೊಡುವುದರಲ್ಲೂ ಎರಡು ಬಗೆ. ಒಂದರಲ್ಲಿ ಬೇರೆಯವರ ಕಿಸೆಗೆ ಕೈ ಹಾಕುವುದಿಲ್ಲ. ಇನ್ನೊಂದರಲ್ಲಿ ಹದಿಮೂರು ಜನರ ಕಿಸೆಗೆ ಹಾಕುತ್ತೇವೆ, ಹಾಕಿದ್ದು ಯಾರಿಗೂ ಕಾಣುವುದಿಲ್ಲ.

ಯಕ್ಷಗಾನದಲ್ಲೂ ಹೀಗೆ ಆಗುವುದುಂಟು. ಹೆಸರು ಮಾಡಿದ ಅತಿಥಿ ಕಲಾವಿದರು ಇನ್ನೊಂದು ಕಡೆ ವೇಷ ಮುಗಿಸಿ ಬರಬೇಕು. ಹಾಗಾಗಿ ಒಂದು ಸನ್ನಿವೇಶ ಎಳೆಯುತ್ತಾರೆ. ಹಾಸ್ಯದವರು ಅರ್ಧ ಗಂಟೆ ಜಾಸ್ತಿ ಮಾತಾಡುತ್ತಾರೆ. ನಾವು ಚಾ ಕುಡಿದು ಬರುತ್ತೇವೆ. ಯಾರಿಗೂ ನಷ್ಟ ಇಲ್ಲ, ಯಾಕೆಂದರೆ ನೋಡುವವರು ನಾವು. ಪ್ರೇಕ್ಷಕರನ್ನು ಕಾಯಿಸಬಹುದು. ಹೊಟ್ಟೆ ಖಾಲಿ ಇಟ್ಟುಕೊಂಡು ನಿಂತ ಸ್ಪರ್ಧಿಯನ್ನು ಕಾಯಿಸುವುದು ಬೇರೆ.

ಹಾಗಾದರೆ ಎಂತ ಮಾಡಬೇಕು ಅಂತ ಭಾವ ಕೇಳಿದರು. ಬದಲಿಸಲೇಬಾರದು ಅನ್ನುವ ಹಟ ನನಗಿಲ್ಲ. ಹೆಸರು ಕೊಡುವ ಫಾರಂ ಎಲ್ಲ ಮೊದಲೇ ಬರುತ್ತದೆ. ಯಾವ ಮಗು ಯಾವ ಯಾವ ಓಟಕ್ಕೆ ಅಂತ ಅದರಲ್ಲೇ ಇದೆ. ಯಾರಿಗೆ ಯಾವುದು ತಾಗುತ್ತದೆ ಅಂತ ಒಂದು ಸಂಜೆ ಕೂತರೆ ಕಾಣುತ್ತದೆ, ನನ್ನ ಡೈರಿಯ ಲೆಕ್ಕಕ್ಕಿಂತ ಸುಲಭ. ತಾಗಿದರೆ ಆಗಲೇ ಸರಿಮಾಡಿ. ದೊಡ್ಡ ಓಟಗಾರ್ತಿಗೆ ತಾಗಿದರೂ ಸರಿ, ಮೊದಲ ಸಲ ಬಂದವಳಿಗೆ ತಾಗಿದರೂ ಸರಿ, ಒಂದೇ ಅಳತೆ. ಸರಿಮಾಡಿದ ಪಟ್ಟಿಯನ್ನು ಹಿಂದಿನ ದಿನ ಸಂಜೆಯ ಒಳಗೆ ಎಲ್ಲ ಶಾಲೆಗೂ ಕಳಿಸಿ. ಒಂದು ಶಾಲೆಯ ಮಾಸ್ಟ್ರಿಗೆ ಫೋನು, ಉಳಿದವರಿಗೆ ಮೈಕು, ಅದು ಬೇಡ. ನಮ್ಮ ಮೊದಲ ಬಸ್ಸು ಹೊರಟ ಮೇಲೆ ಮಳೆ ಸಿಡಿಲಿಗೆ ಬಿಟ್ಟು ಇನ್ಯಾವುದಕ್ಕೂ ಮುಟ್ಟಬೇಡಿ. ಮುಟ್ಟಲೇಬೇಕಾಗಿ ಬಂದರೂ ಬೆಳಗಿನ ದೂರದ ಓಟವನ್ನು ಊಟದ ಆಚೆಗೆ ಮಾತ್ರ ಹಾಕಬೇಡಿ.

ಅಂಥ ಒಳ್ಳೆಯ ಓಟಗಾರ್ತಿಯನ್ನು ಓಡಿಸದೆಯೇ ನೇರ ಮುಂದಿನ ಕೂಟಕ್ಕೆ ಕಳಿಸಿದರೆ ಹೇಗೆ ಅಂತಲೂ ನಾನು ಕೇಳಿದೆ. ಓಟ ಅದರ ಹೊತ್ತಿಗೆ ಆಗುತ್ತದೆ, ಅವಳಿಗೂ ಆಯಾಸ ಇಲ್ಲ. ಇದಕ್ಕೆ ಭಾವ ಕೈ ಆಡಿಸಿಬಿಟ್ಟರು. "ಆ ಬಾಗಿಲು ತೆಗೆಯಬೇಡಿ. ಇವತ್ತು ನಿಜವಾದ ಓಟಗಾರ್ತಿ ಹೋಗುತ್ತಾಳೆ, ನಾಳೆ ಯಾರದ್ದೋ ಮಗಳು ಹೋಗುತ್ತಾಳೆ. ಮೈದಾನದಲ್ಲಿ ಓಡಿದ್ದು ನೂರು ಜನ ನೋಡುತ್ತಾರೆ. ಕೋಣೆಯೊಳಗೆ ಬರೆದದ್ದು ಯಾರು ನೋಡುತ್ತಾರೆ?" 31 ವರ್ಷ ಆ ಕೋಣೆಯೊಳಗೇ ಇದ್ದವರು ಹೇಳಿದ್ದು, ನಾನು ಒಪ್ಪಿದೆ. ರಾಜ್ಯಕ್ಕೆ ಹೋದ ಸರ್ಟಿಫಿಕೇಟಿಗೆ ಮುಂದೆ ಕಾಲೇಜು ಸೀಟಿನಲ್ಲಿ ಬೆಲೆ ಇರುವ ಕಾಲ ಇದು. ಅಷ್ಟು ಬೆಲೆ ಇರುವಲ್ಲಿ ಬಾಗಿಲು ಜಾಸ್ತಿ ಇರಬಾರದು.

ಜಿಲ್ಲೆಗೆ ಪದಕ ಅನ್ನುವ ಮಾತಿಗೆ ಒಂದು ಹೇಳುತ್ತೇನೆ. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದ ಅಶ್ವಿನಿ ಅಕ್ಕುಂಜಿ ನಮ್ಮ ಸಿದ್ದಾಪುರ ಕಡೆಯವರು. ಆ ವರ್ಷ ನಮ್ಮೂರಲ್ಲಿ ಹೆಣ್ಣುಮಕ್ಕಳು ರಸ್ತೆಯಲ್ಲಿ ಓಡಿದರೆ ಯಾರೂ ನಗಲಿಲ್ಲ. ಅಂಥ ಓಟಗಾರ್ತಿ ಬೇಡ ಅಂತ ಯಾರಾದರೂ ಹೇಳುತ್ತಾರಾ? ಆದರೆ ನಾಳೆಯ ಅಂಥವಳು ಇವತ್ತು ಮೊದಲು ಬಂದವಳೇ ಅಂತ ಯಾರಿಗೆ ಗೊತ್ತು? ನಾಲ್ಕನೇ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ಹೊರಗೆ ಹೋದಳಲ್ಲ, ಅವಳು ಎಂಟನೇ ಕ್ಲಾಸಿನವಳು. ಅದು ಅವಳ ಮೊದಲ ಕೂಟ. ಈ ವರ್ಷ ಅವಳು ಓಟಕ್ಕೆ ಹೆಸರೇ ಕೊಟ್ಟಿಲ್ಲ ಅಂತ ಕನ್ನಡ ಮಾಸ್ಟ್ರು ಹೇಳಿದರು.

ಹೀಗೆಲ್ಲ ಬರೆದ ಮೇಲೆ ನನ್ನದೊಂದು ಹೇಳದಿದ್ದರೆ ತಪ್ಪಾಗುತ್ತದೆ.

ಈ ವರ್ಷದ ಕೂಟ ಮುಂದಿನ ವಾರ. ಮಗಳು ಮತ್ತೆ 1500ಕ್ಕೆ ಇದ್ದಾಳೆ. ಪಟ್ಟಿಯಲ್ಲಿ 8.15 ಅಂತ ಇದೆ. ನಾನು ಜೊತೆಗೆ ಹೋಗಬೇಕು. ಡೈರಿಯ ಹುಡುಗನಿಗೆ ಆ ದಿನ ಪರೀಕ್ಷೆ, ಹೆಂಡತಿಗೆ ಮೊಣಕಾಲು ನೋವು. ಹಾಗಾಗಿ ಮೊನ್ನೆ ಸಂಜೆ ಹಾಲು ತಂದವರಿಗೆಲ್ಲ ಹೇಳಿದೆ, ಆ ಒಂದು ದಿನ ಆರು ಗಂಟೆಗೆ ಬದಲು ನಾಲ್ಕೂವರೆಗೆ ತನ್ನಿ, ಐದಕ್ಕೆ ನಾನು ಬಾಗಿಲು ಹಾಕುತ್ತೇನೆ ಅಂತ. ಹನ್ನೆರಡು ದನ ಇರುವ ಭಟ್ಟರು ತಲೆ ಆಡಿಸಿದರು, ಅವರಲ್ಲಿ ಹಾಲು ಕರೆಯುವ ಮೆಷಿನ್ ಇದೆ. ಒಂದೇ ದನ ಇರುವ ಒಬ್ಬರು ಅಮ್ಮಮ್ಮ ಇದ್ದಾರೆ. ದಿನಕ್ಕೆ ಮೂರು ಲೀಟರ್ ತರುವವರು, ಕತ್ತಲೆಯಲ್ಲಿ ತೋಡು ದಾಟಿ ಬರಬೇಕು. ಅವರು ಪಾತ್ರೆ ಮೇಜಿನ ಮೇಲೆ ಇಟ್ಟು ಕೇಳಿದರು: "ಹ್ವಾಯ್, ನಿನ್ ಮಗ್ಳ್ ಓಡೂಕೆ ನನ್ ದನ ಬೇಗ ಹಾಲ್ ಕೊಡತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬೋರ್ಡಿನಲ್ಲಿ ಬರೆದಿದ್ದ ನಾಲ್ಕೂವರೆ ಅಳಿಸಿ ಆರು ಅಂತಲೇ ಬರೆದೆ. ಆ ದಿನಕ್ಕೆ ಪಕ್ಕದ ಊರಿನ ಡೈರಿಯ ಟೆಸ್ಟರ್ ಬರುತ್ತೇನೆ ಅಂದಿದ್ದಾನೆ. ಅವನಿಗೆ ಐನೂರು ರೂಪಾಯಿ ನಾನೇ ಕೊಡುತ್ತೇನೆ.

ಹೆಸರು ಹಾಕಬೇಡಿ. ಮಗಳು ಇನ್ನೂ ಓಡುತ್ತಿದ್ದಾಳೆ.

ಇಂತಿ,
ಹಾಲಿನ ಡೈರಿಯ ಒಬ್ಬ ಕಾರ್ಯದರ್ಶಿ,
ಸಿದ್ದಾಪುರ, ಉಡುಪಿ ಜಿಲ್ಲೆ